ಎಡಕ್ಕೇ ವಾಲುತ್ತಿದ್ದ ಹೇರು ನೆಟ್ಟಗೆ ನಿಂತಿತು

ಕೊನೆಗೂ ಆಯಿತು! ಇವತ್ತು ಬೆಳಿಗ್ಗೆ ನನ್ನ ಹೇರಿನ ಕುದುರೆ ತುಂಗನ ಬೆನ್ನ ಮೇಲೆ 40 ಕಿಲೋ ಹೇರಿ, ಕೆರೆ ಏರಿ ಹತ್ತಿಸಿ ಇಳಿಸಿ, ಕಲ್ಲು ತುಂಬಿದ ಗಾಡಿದಾರಿಯಲ್ಲಿ ಜೋರಾಗಿ ನಡೆಸಿ ನೋಡಿದೆ. ಜೀನು ಒಂದು ಬೆರಳಷ್ಟೂ ಜರುಗಲಿಲ್ಲ. ಇಷ್ಟು ದಿನ ನಿದ್ದೆ ಕೆಡಿಸಿದ ಕಾಟ ಹೇರು ವಾಲುವುದೊಂದೇ, ಹಾಗಾಗಿ ಬರೆಯುವುದೂ ಇದರ ಬಗ್ಗೆಯೇ.

ಕುದುರೆ ಪ್ರವಾಸದ ಮಿಕ್ಕ ತಯಾರಿ ಇಷ್ಟು. ಕುಣಿಗಲ್ ಕಡೆಯಿಂದ ಹೊಲದ ದಾರಿ ಹಿಡಿದು ಮಾರ್ಕೋನಹಳ್ಳಿ ಹಿನ್ನೀರಿನ ಪಕ್ಕ ಸ್ನೇಹಿತರ ತೆಂಗಿನ ತೋಟಕ್ಕೆ ಹೋಗುವುದು, ಅಲ್ಲೇ ಡೇರೆ ಹಾಕುವುದು. ಸವಾರಿಗೆ ಕಾಠಿಯಾವಾಡಿ ತಳಿಯ ಹೆಣ್ಣು ಕುದುರೆ ಗೌರಿ, ಹೇರಿಗೆ ತುಂಗ. ಕುದುರೆಗೆ ದಿನಕ್ಕೆ ಅದರ ತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲು ಒಣಮೇವು ಬೇಕು. ಎರಡಕ್ಕೂ ಸೇರಿಸಿದರೆ ಹುಲ್ಲೇ ಒಂದು ಹೇರಾಗುತ್ತದೆ. ಅದನ್ನು ಮುಂಚೆಯೇ ಗೂಡ್ಸ್ ಆಟೋದಲ್ಲಿ ತೋಟಕ್ಕೆ ಕಳಿಸುತ್ತೇನೆ. ನಮ್ಮ ಜೊತೆ ಬರುವುದು ಹುರುಳಿ, ಬೂಸಾ, ಉಪ್ಪು ಅಷ್ಟೇ.

ಈಗ ಹೇರಿನ ಜೀನಿಗೆ ಬರೋಣ. ಸವಾರಿ ಜೀನು ಕಾನ್ಪುರದಿಂದ ಎಷ್ಟು ಬೇಕಾದರೂ ತರಿಸಬಹುದು. ಹೇರಿನ ಜೀನು ಕೇಳಿದರೆ ಮಾತ್ರ ಅಂಗಡಿಯವರು ಸುಮ್ಮನಾಗಿಬಿಡುತ್ತಾರೆ. ಒಬ್ಬರು "ಇದೆ ಸಾರ್" ಎಂದು ಹೇಳಿ, ಹಣ ಹಾಕಿಸಿಕೊಂಡು, ಮಕ್ಕಳ ಸವಾರಿ ಜೀನು ಕಳಿಸಿದರು! ಅದನ್ನು ವಾಪಸ್ ಮಾಡಿ, ನಮ್ಮೂರ ಆಚಾರ್ರ ಹತ್ತಿರ ಸಾಬಕ್ ಮಾದರಿಯ ಜೀನು, ಅಂದರೆ ಹಲಗೆಗಳ ಮೇಲೆ ಅಡ್ಡ ಮರಗಳು ಕತ್ತರಿಯಂತೆ ನಿಲ್ಲುವ ಹೇರಿನ ಜೀನು ಮಾಡಿಸಿದೆ. ಅಡ್ಡ ಮರಗಳು ಜಾಲಿ, ಬೆನ್ನ ಮೇಲೆ ಕೂರುವ ಹಲಗೆಗಳು ಬೇವು. ಕೆಲಸ ಬಹಳ ಚೆಂದ ಬಂತು.

ಆದರೆ ಇಳಿಜಾರು ಬಂದ ಕೂಡಲೇ ಹೇರು ಎಡಕ್ಕೆ ವಾಲುತ್ತಿತ್ತು. ಪ್ರತಿ ಸಲವೂ ಎಡಕ್ಕೇ. ಕೊಕ್ಕೆ ತಕ್ಕಡಿಗೆ ಹಾಕಿದರೆ ಎರಡು ಬದಿಯ ಚೀಲವೂ 16 ಕಿಲೋ, ಕಾಲು ಕಿಲೋ ವ್ಯತ್ಯಾಸವೂ ಇಲ್ಲ. ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: "ಗರ್ತ್ ಇನ್ನೆರಡು ತೂತು ಬಿಗಿ ಮಾಡಿ." ಗರ್ತ್ ಅಂದರೆ ಜೀನನ್ನು ಹೊಟ್ಟೆಯ ಕೆಳಗಿಂದ ಬಿಗಿಯುವ ಪಟ್ಟಿ. ನಾನು ಆ ಮಾತನ್ನು ಒಪ್ಪುವುದೇ ಇಲ್ಲ. ವಾಲುವ ಹೇರನ್ನು ಗರ್ತ್ ಎಳೆದು ನಿಲ್ಲಿಸಿದರೆ ಆ ಎಳೆತವನ್ನೆಲ್ಲ ತಿನ್ನುವುದು ಕುದುರೆಯ ಚರ್ಮ. ಸವಾರನಾದರೆ ಮೈ ಅತ್ತಿತ್ತ ಮಾಡಿ ಕುದುರೆಗೆ ಹೊಂದಿಕೊಳ್ಳುತ್ತಾನೆ. ಹೇರು ಹೊಂದಿಕೊಳ್ಳುವುದಿಲ್ಲ, ಒತ್ತಿದ ಜಾಗದಲ್ಲೇ ದಿನವಿಡೀ ಒತ್ತುತ್ತದೆ. ಅದಕ್ಕೇ ಜೀನೂ ಸೇರಿ ಕುದುರೆಯ ತೂಕದ ಐದನೇ ಒಂದು ಪಾಲು ಮೀರಬಾರದು ಎನ್ನುವುದು. ತುಂಗ ಸುಮಾರು 300 ಕಿಲೋ ಇದ್ದಾನೆ, ಆ ಲೆಕ್ಕಕ್ಕೆ 60 ಬರುತ್ತದೆ. ನಾನು 40ಕ್ಕೇ ನಿಲ್ಲಿಸಿದ್ದೇನೆ. ಅವನ ಬೆನ್ನು, ನನ್ನ ಜವಾಬ್ದಾರಿ.

ದಾರಿ ತೋರಿಸಿದ್ದು ಚೀಲ ಅದಲು ಬದಲು ಮಾಡಿದ್ದು. ಬಲದ್ದು ಎಡಕ್ಕೆ, ಎಡದ್ದು ಬಲಕ್ಕೆ ಹಾಕಿ ಅದೇ ಏರಿ ಇಳಿಸಿದೆ. ತಪ್ಪು ಬರೀ ಚೀಲದ್ದಾದರೆ ಹೇರು ಈಗ ಬಲಕ್ಕೆ ವಾಲಬೇಕಿತ್ತು. ಬರೀ ಜೀನಿನದ್ದಾದರೆ ಮೊದಲಿನಷ್ಟೇ ಎಡಕ್ಕೆ ವಾಲಬೇಕಿತ್ತು. ಆದದ್ದು ಬೇರೆಯೇ: ಎಡಕ್ಕೇ ವಾಲಿತು, ಆದರೆ ನಿಧಾನವಾಗಿ, ಕಡಿಮೆ. ಅಂದರೆ ಕಾರಣ ಎರಡು ಇದೆ ಅಂತ ಆಯ್ತಲ್ವಾ!

ಮೊದಲು ಜೀನು ಹಿಡಿದೆ. ತುಂಗನನ್ನು ಸಮ ನೆಲದಲ್ಲಿ ನಿಲ್ಲಿಸಿ, ಸ್ಟೂಲ್ ಹತ್ತಿ ಹಿಂದಿನಿಂದ ಬೆನ್ನುದ್ದಕ್ಕೂ ನೋಡಿದರೆ ಬಲ ಹೆಗಲ ಮಾಂಸ ಎಡಕ್ಕಿಂತ ದಪ್ಪ. ಕುದುರೆಗಳಲ್ಲಿ ಇದು ಸಾಮಾನ್ಯ. ದಪ್ಪ ಹೆಗಲು ಹೆಜ್ಜೆ ಹೆಜ್ಜೆಗೂ ಜೀನನ್ನು ಆಚೆ ಬದಿಗೆ ತಳ್ಳುತ್ತದೆ. ಹೆಗಲ ಮೂಳೆಯ ಹಿಂದೆ ಒಂದು, ಬೆನ್ನ ನಡುವೆ ಒಂದು, ಕೊನೆಯ ಪಕ್ಕೆಲುಬಿನ ಹತ್ತಿರ ಒಂದು, ಹೀಗೆ ಮೂರು ಕಡೆ ದಪ್ಪ ಅಲ್ಯುಮಿನಿಯಂ ತಂತಿ ಬಗ್ಗಿಸಿ ಅಳತೆ ತೆಗೆದೆ. ಆಮೇಲೆ ಬೆನ್ನ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ, ಬರೀ ಹಲಗೆ ಇಟ್ಟು ಒತ್ತಿ ಎತ್ತಿದೆ. ಎಡ ಹಲಗೆಯ ಉದ್ದಕ್ಕೂ ಬಿಳಿ. ಬಲ ಹಲಗೆಯಲ್ಲಿ ಮುಂದೆ ರೂಪಾಯಿ ನಾಣ್ಯದಗಲ ಒಂದು ಗುರುತು, ತುದಿಯಲ್ಲಿ ಒಂದು ಗೀರು, ಮಧ್ಯೆ ಏನೂ ಇಲ್ಲ. ಆಚಾರ್ರು ಅರ ಹಿಡಿದು ಗುರುತು ಬಿದ್ದಲ್ಲಷ್ಟೇ ಉಜ್ಜಿದರು. ಮತ್ತೆ ಪುಡಿ, ಮತ್ತೆ ಅರ. ತುಂಗ ಮಾತ್ರ ಇದು ತನಗೆ ನಡೆಯುತ್ತಿರುವ ಅಲಂಕಾರ ಎಂದುಕೊಂಡು ಕಣ್ಣು ಮುಚ್ಚಿ ನಿಂತಿದ್ದ. ಕೊನೆಗೆ ಎಡ ಹೆಗಲ ಕೆಳಗೆ ತೆಳು ನಮ್ದಾ (ಒತ್ತಿದ ಉಣ್ಣೆ) ತುಂಡು ಕೊಟ್ಟ ಮೇಲೆ ಜೀನು ನೇರವಾಯಿತು.

ಆಚಾರ್ರ ಕೊಟ್ಟಿಗೆಯ ಮೂಲೆಯಲ್ಲಿ ಒಂದು ಜೋಡಿ ಹಳೇ ಜಟಕಾ ಗಾಲಿ ನೋಡಿದೆ. ಕಬ್ಬಿಣದ ಪಟ್ಟಿ ಇನ್ನೂ ಗಟ್ಟಿ ಇದೆ, ಅರೆಕಾಲುಗಳಲ್ಲಿ ಒಂದೆರಡು ಮಾತ್ರ ಹುಳ ಹಿಡಿದಿವೆ. ಮುಂದಿನ ಕೆಲಸ ಅದೇ, ತೀರ್ಮಾನ ಆಗಿಹೋಗಿದೆ. ಗೌರಿಗೆ ಗಾಡಿ ಕಲಿಸಬೇಕು. ಮೂಕಿಯ ಅಳತೆ ಈಗಲೇ ಬರೆದಿಟ್ಟಿದ್ದೇನೆ.

ಸರಿ, ಚೀಲದ ಕಥೆ. ಆನ್‌ಲೈನಲ್ಲಿ ತರಿಸಿದ ಕ್ಯಾನ್ವಾಸ್ ಚೀಲ, ಹೇಳಿದ ದಿನಕ್ಕೆ ಬರಲಿಲ್ಲ ಅನ್ನುವುದು ಬೇರೆ ಮಾತು. ಪಕ್ಕಪಕ್ಕ ನೇತುಹಾಕಿ ಅಳೆದರೆ ಒಂದರ ನೇತುಹಾಕುವ ಬಳೆಯನ್ನು ಇನ್ನೊಂದಕ್ಕಿಂತ ಎರಡು ಬೆರಳು ಮೇಲೆ ಹೊಲಿದಿದ್ದಾರೆ! ಆ ಚೀಲ ಅಷ್ಟು ಕೆಳಗೆ ಇಳಿಯುತ್ತದೆ, ಹೊಟ್ಟೆಯ ಉಬ್ಬಿನ ಮೇಲೆ ಕೂತು ಹೊರಗೆ ಚಾಚುತ್ತದೆ. ತಕ್ಕಡಿಯ ದಂಡಿ ಒಂದು ಕಡೆ ಉದ್ದ ಇದ್ದರೆ ಎರಡು ತಟ್ಟೆಗೆ ಸಮ ತೂಕದ ಬೊಟ್ಟು ಇಟ್ಟರೂ ಆ ಕಡೆಯೇ ತಗ್ಗುತ್ತದೆ, ಇದೂ ಹಾಗೆಯೇ. ತೂಕ ಎಷ್ಟು ಅನ್ನುವುದರ ಜೊತೆ, ಬೆನ್ನುಮೂಳೆಯಿಂದ ಎಷ್ಟು ದೂರ ಅನ್ನುವುದನ್ನೂ ನೋಡಬೇಕು. ದುಡ್ಡು ಇಸಿದುಕೊಳ್ಳುವವರು ಒಂದು ಟೇಪು ಹಿಡಿದು ಹೊಲಿಯಬಾರದೇ?

ಚಪ್ಪಲಿ ಹೊಲಿಯುವವರ ಹತ್ತಿರ ಬಳೆ ಬಿಚ್ಚಿಸಿ ಸರಿಯಾದ ಜಾಗಕ್ಕೆ ಹೊಲಿಸಿದೆ. ತುಂಬುವ ಕ್ರಮವೂ ಬದಲಾಗಿದೆ. ಕಬ್ಬಿಣದ ಬಾಣಲೆ, ಲಾಳ, ಸುತ್ತಿಗೆ, ಹುರುಳಿ ಎಲ್ಲ ಕುದುರೆಯ ಮೈಗೆ ಹತ್ತಿರ. ಚುಚ್ಚದಂತೆ ಒಳಗೋಡೆಗೆ ಮಡಿಸಿದ ಕಂಬಳಿ. ಹಗುರ ಬಟ್ಟೆ ಹೊರಬದಿಗೆ. ನೀರಿನ ಕ್ಯಾನ್ ಪೂರ್ತಿ ತುಂಬಿರಬೇಕು, ಇಲ್ಲಾ ಪೂರ್ತಿ ಖಾಲಿ ಇರಬೇಕು. ಅರ್ಧ ತುಂಬಿದ ಕ್ಯಾನ್ ತುಳುಕಿ ತುಳುಕಿ ಹೇರನ್ನೇ ಅಲ್ಲಾಡಿಸುತ್ತದೆ.

ಇವತ್ತು ಜೀನು ಇಳಿಸಿದಾಗ ಮೊದಲು ನೋಡಿದ್ದು ಬೆವರು. ಹಿಂದೆಲ್ಲ ಬಲ ಹೆಗಲ ಹತ್ತಿರ ಅಂಗೈ ಅಗಲ ಒಣಗಿರುತ್ತಿತ್ತು, ಅಲ್ಲಿ ಒತ್ತುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಇವತ್ತು ಎರಡೂ ಬದಿ ಒಂದೇ ಸಮ ಒದ್ದೆ. ಬೆರಳಿಂದ ಒತ್ತಿದರೂ ತುಂಗ ನೋವಾದಂತೆ ಬೆನ್ನು ತಗ್ಗಿಸಲಿಲ್ಲ. ಆಚಾರ್ರಿಗೆ ಅಲ್ಲಿಂದಲೇ ಫೋನ್ ಮಾಡಿದೆ.

ಉಳಿದದ್ದು ಸ್ವಲ್ಪ. ಲಾಳ ಹೊಡೆಯುವವರನ್ನು ಹೊರಡುವ ಒಂದು ವಾರ ಮುಂಚೆ ಬರಲು ಹೇಳಿದ್ದೇನೆ, ಮೊಳೆ ಸಡಿಲವಾದರೆ ಮನೆಯಲ್ಲೇ ಗೊತ್ತಾಗಲಿ. ತೋಟದಲ್ಲಿ ಕೊಡುವ ಕುದುರೆ ಮೆಂತೆ ಎಂಬ ಹಸಿಮೇವನ್ನು ಈಗಿನಿಂದಲೇ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಸುತ್ತಿದ್ದೇನೆ. ಮೇವು ದಿಢೀರ್ ಬದಲಾದರೆ ಹೊಟ್ಟೆನೋವು ಬರುತ್ತದೆ, ಕುದುರೆಗೆ ವಾಂತಿ ಮಾಡಲೂ ಆಗುವುದಿಲ್ಲ. ಇಳಿಜಾರಿನಲ್ಲಿ ಜೀನು ಮುಂದಕ್ಕೆ ಜಾರದಂತೆ ತೊಡೆಯ ಹಿಂದೆ ಹಾಯುವ ಪಟ್ಟಿಗೆ ಸದ್ಯ ಹತ್ತಿಯ ನವಾರು ಕಟ್ಟಿದ್ದೇನೆ. ಎರಡು ಇಂಚು ಅಗಲದ ಮೆತ್ತನೆ ತೊಗಲು ಬೆಂಗಳೂರಲ್ಲೋ ತುಮಕೂರಲ್ಲೋ ಬಿಡಿಯಾಗಿ ಸಿಗುವ ಅಂಗಡಿ ಗೊತ್ತಿದ್ದರೆ ದಯವಿಟ್ಟು ಹೇಳಿ, ಐದು ಮೀಟರ್ ಸಾಕು.