ಏರ್‌ಬ್ರಶ್: ಚಿತ್ರಕ್ಕಿಂತ ಮೊದಲು ಬೆರಳು ಪಳಗಬೇಕು

ಬೈಕಿನ ಟ್ಯಾಂಕ್ ಮೇಲಿನ ಬೆಂಕಿಜ್ವಾಲೆಯನ್ನೋ, ಫೋಟೊ ಎಂದೇ ನಂಬಿಸುವ ಭಾವಚಿತ್ರವನ್ನೋ ನೋಡಿ ಏರ್‌ಬ್ರಶ್, ಅಂದರೆ ಗಾಳಿಯ ಒತ್ತಡದಿಂದ ಬಣ್ಣವನ್ನು ಮಂಜಿನಂತೆ ಚಿಮ್ಮಿಸುವ ಪುಟ್ಟ ಗನ್, ಹಿಡಿಯುವವರೇ ಹೆಚ್ಚು. ಆ ಮೋಹ ಬೇಕು, ಅದಿಲ್ಲದೆ ಯಾರೂ ತಿಂಗಳುಗಟ್ಟಲೆ ಗೆರೆ, ಚುಕ್ಕಿ ಹಾಕುತ್ತಾ ಕೂರುವುದಿಲ್ಲ. ಆದರೆ ಸ್ವಂತವಾಗಿ ಕಲಿಯುವವರಲ್ಲಿ ಬಹಳ ಮಂದಿ ನೇರವಾಗಿ ಮುಖ ಬರೆಯಲು ಹೋಗಿ ಸೋಲುತ್ತಾರೆ. ಕೊರತೆ ಇರುವುದು ಪ್ರತಿಭೆಯಲ್ಲಲ್ಲ, ತೋರುಬೆರಳಿನ ಹಿಡಿತದಲ್ಲಿ.

ಕಲಿಕೆಗೆ ಡ್ಯುಯಲ್ ಆ್ಯಕ್ಷನ್ ಗನ್ (ಒಂದೇ ಟ್ರಿಗರ್‌ನಲ್ಲಿ ಗಾಳಿ, ಬಣ್ಣ ಎರಡರ ಹಿಡಿತ), ಮೇಲೆ ಬಣ್ಣದ ಕಪ್, 0.3 ಮಿ.ಮೀ. ನಾಝಲ್ (ಬಣ್ಣ ಹೊರಬರುವ ತೂತಿನ ತುದಿ) ಸಾಕು. 0.2 ಇನ್ನೂ ಸಣ್ಣ ಗೆರೆ ಕೊಡುತ್ತದೆ, ಅಷ್ಟೇ ಬೇಗ ಕಟ್ಟಿಕೊಳ್ಳುತ್ತದೆ. ಕಂಪ್ರೆಸರ್‌ಗೆ ಟ್ಯಾಂಕ್ ಇರಲಿ, ಇಲ್ಲದಿದ್ದರೆ ಗಾಳಿ ಮಿಡಿಯುತ್ತಾ ಬರುತ್ತದೆ. ಗಾಳಿಯಲ್ಲಿನ ನೀರನ್ನು ಹಿಡಿದಿಡುವ ಮಾಯಿಶ್ಚರ್ ಟ್ರ್ಯಾಪ್ ಬಿಡಲೇಬೇಡಿ. ನಯವಾದ ಶೇಡಿಂಗ್ ನಡುವೆ ಒಂದು ಹನಿ ನೀರು ಚಿಮ್ಮಿದರೆ ಅದನ್ನು ಸರಿಪಡಿಸುವುದು ಕಷ್ಟ.

ಟ್ರಿಗರ್ ಒತ್ತಿದರೆ ಗಾಳಿ, ಹಿಂದಕ್ಕೆಳೆದರೆ ಬಣ್ಣ. ಶುರುಮಾಡುವಾಗ ಗಾಳಿ ಮೊದಲು, ನಿಲ್ಲಿಸುವಾಗ ಬಣ್ಣ ಮೊದಲು. ಟ್ರಿಗರ್ ಮುಂದಕ್ಕೆ ಹೋಗುವ ಮುನ್ನವೇ ಬೆರಳೆತ್ತಿದರೆ ತುದಿಯಲ್ಲಿ ಬಣ್ಣ ನಿಲ್ಲುತ್ತದೆ, ಮುಂದಿನ ಗೆರೆ ಕಲೆಯಿಂದಲೇ ಆರಂಭವಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ್ದು ಡ್ಯಾಗರ್ ಸ್ಟ್ರೋಕ್‌ಗೆ: ಅಗಲವಾಗಿ ಶುರುವಾಗಿ ಕೂದಲೆಳೆಯಷ್ಟು ಸಣ್ಣದಾಗಿ ಮುಗಿಯುವ ಗೆರೆ. ಬಣ್ಣ ಬಿಡುವ ಮೊದಲೇ ತೋಳು ಚಲಿಸುತ್ತಿರಬೇಕು. ಸುಮಾರು 5 ಸೆಂ.ಮೀ. ದೂರದಿಂದ ಹೊರಟು, ಕಾಗದದ ಹತ್ತಿರಕ್ಕೆ ಇಳಿಯುತ್ತಾ, ಜೊತೆಜೊತೆಗೇ ಟ್ರಿಗರನ್ನು ಮುಂದಕ್ಕೆ ಬಿಡಬೇಕು. ಕೂದಲು, ತುಪ್ಪಳ, ಜ್ವಾಲೆ ಎಲ್ಲಕ್ಕೂ ಇದೇ ತಾಯಿಬೇರು.

ಅಕ್ರಿಲಿಕ್ ಬಣ್ಣ ಹಾಲಿನಷ್ಟು ತೆಳುವಾಗಿರಲಿ, ಗಾಳಿಯ ಒತ್ತಡವನ್ನು 20 ಪಿಎಸ್ಐನಿಂದ (ಪಿಎಸ್ಐ ಒತ್ತಡದ ಅಳತೆ) ಶುರುಮಾಡಿ. ಬಣ್ಣ ಕವಲೊಡೆದು ಹರಡಿದರೆ ಅದು ತೀರಾ ನೀರಾಗಿದೆ, ಇಲ್ಲವೇ ಗಾಳಿಯೋ ಬಣ್ಣವೋ ಹೆಚ್ಚಾಗಿದೆ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಕಾರಣ ಗೊತ್ತಾಗುವುದಿಲ್ಲ, ಒಂದೊಂದಾಗಿ ನೋಡಿ. ಮರಳಿನಂತೆ ಒರಟಾಗಿ ಬಿದ್ದರೆ ಬಣ್ಣ ಗಟ್ಟಿ, ಅಥವಾ ಗನ್ ತೀರಾ ದೂರ. ಕೆಲಸದ ನಡುವೆ ಗೆರೆ ಕಡಿದು ಕಡಿದು ಬಂದರೆ ನಾಝಲ್ ಮೂಲಕ ಹಾಯ್ದು ಬಣ್ಣದ ಹರಿವನ್ನು ಹಿಡಿದಿಡುವ ಸೂಜಿಯ ತುದಿಯಲ್ಲಿ ಬಣ್ಣ ಒಣಗಿದೆ ಎಂದರ್ಥ. ಕ್ಲೀನರ್‌ನಲ್ಲಿ ಅದ್ದಿದ ಮೃದು ಬ್ರಶ್‌ನಿಂದ ಒರೆಸಿ. ಕಪ್‌ನಲ್ಲಿ ಗುಳ್ಳೆ ಎದ್ದರೆ ನಾಝಲ್ ಸಡಿಲವಾಗಿದೆ, ಕಟ್ಟಿಕೊಂಡಿದೆ ಅಥವಾ ಬಿರುಕುಬಿಟ್ಟಿದೆ.

ಭಾವಚಿತ್ರಕ್ಕೆ ಪಾರದರ್ಶಕ ಬಣ್ಣಗಳನ್ನು ತಿಳಿಯಿಂದ ಗಾಢಕ್ಕೆ ಪದರ ಪದರವಾಗಿ ಕಟ್ಟುವುದೇ ಸರಿ. ಗಾಢ ಬಣ್ಣದ ಮೇಲೆ ಬಿಳಿಯನ್ನು ತೆಳುವಾಗಿ ಸ್ಪ್ರೇ ಮಾಡಿದರೆ ಚರ್ಮ ನೀಲಿಗಟ್ಟಿದಂತೆ ಕಾಣುತ್ತದೆ. ಮೇಲೊಂದು ಪಾರದರ್ಶಕ ಹಳದಿ ಅಥವಾ ಕಿತ್ತಳೆಯ ತೆಳು ಪದರ ಕೊಟ್ಟರೆ ಬಿಸುಪು ಮರಳುತ್ತದೆ. ಕಣ್ಣಿನ ಹೊಳಪಿಗೆ ಕಾಗದದ ಬಿಳಿಯನ್ನೇ ಉಳಿಸಿಕೊಳ್ಳುವುದು ಇನ್ನೂ ಚೆನ್ನ.

ನೀರಿನ ಬಣ್ಣವಾದರೂ ಮಂಜು ಶ್ವಾಸಕೋಶಕ್ಕೆ ಹೋಗಬಾರದು, ಮಾಸ್ಕ್ ಧರಿಸಿ. ಥಿನ್ನರ್ ಬೆರೆಸುವ ಬಣ್ಣಕ್ಕೆ ಧೂಳಿನ ಮಾಸ್ಕ್ ಸಾಲದು, ಆವಿ ಹೀರುವ ಕಾರ್ಟ್ರಿಡ್ಜ್ ಇರುವ ರೆಸ್ಪಿರೇಟರೇ ಬೇಕು.

ಬಣ್ಣ ಬದಲಿಸುವಾಗಲೆಲ್ಲ ಕಪ್ ತೊಳೆದು ಕ್ಲೀನರ್ ಹಾಯಿಸಿ. ದಿನದ ಕೊನೆಗೆ ಸೂಜಿ ತೆಗೆದು, ಹಿಂದಿನಿಂದ ತುದಿಯ ಕಡೆಗೆ ಒರೆಸಿ. ಉಗುರಿನ ಮೇಲೆ ಹಗುರವಾಗಿ ಎಳೆದಾಗ ತುದಿ ಗೀಚಿದಂತಾದರೆ ಸೂಜಿ ಬಾಗಿದೆ. ಅಂಥದ್ದನ್ನು ಹಾಗೇ ಒಳಗೆ ತಳ್ಳಿದರೆ ನಾಝಲ್ಲೂ ಹಾಳಾಗುತ್ತದೆ.