ಬೇಚಿಮೊ ಹಡಗಿನ ಮಾದರಿ: ಆರನೇ ವಾರ, ಮಂಜುಗಡ್ಡೆಯ ಕೆಲಸ

ಅಂತೂ ಹಡಗಿನ ಒಡಲು ಮುಗಿಯಿತು. ನಿಜವಾದ ಬೇಚಿಮೊ 230 ಅಡಿ ಉದ್ದ, ಅಂದರೆ ಸುಮಾರು 70 ಮೀಟರ್. 1:200 ಅಳತೆಯಲ್ಲಿ ನನ್ನದು 35 ಸೆಂಟಿಮೀಟರ್. ಬಾಲ್ಸಾ ಮರ ಕೆತ್ತಿ ಮೇಲೆ ರಟ್ಟು ಅಂಟಿಸಿದ್ದೇನೆ. ಮೂತಿಯ ಬಲಗಡೆ ಅಂಟು ಜಾಸ್ತಿಯಾಗಿ ರಟ್ಟು ಉಬ್ಬಿದೆ. ಹೇಗೂ ಮಂಜು ಮುಚ್ಚುತ್ತದಲ್ಲ ಅಂತ ಸುಮ್ನೆ ಬಿಟ್ಟೆ.

ಬಣ್ಣದ ಡಬ್ಬಿ ತೆಗೆಯುವ ಮೊದಲು ಒಂದು ತೀರ್ಮಾನ ಆಗಬೇಕಿತ್ತು. ಈ ಹಡಗಿನ ಯಾವ ವಯಸ್ಸನ್ನು ಮಾಡುವುದು? 1914ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಒಂದು ಜರ್ಮನ್ ಕಂಪನಿಗಾಗಿ ಕಟ್ಟಿದಾಗ ಇದರ ಹೆಸರು ಓಂಗರ್‌ಮನೆಲ್ವೆನ್. ಅದು ಅಲ್ಲಿನ ಒಂದು ನದಿಯ ಹೆಸರು. ಮೊದಲ ಮಹಾಯುದ್ಧ ಮುಗಿದ ಮೇಲೆ ಸೋತ ಜರ್ಮನಿ ತೆತ್ತ ಪರಿಹಾರದ ಲೆಕ್ಕದಲ್ಲಿ ಬ್ರಿಟನ್ನಿಗೆ ಹೋಯಿತು. 1921ರಲ್ಲಿ ಕೆನಡಾದ ತುಪ್ಪಳ ವ್ಯಾಪಾರದ ಹಡ್ಸನ್ಸ್ ಬೇ ಕಂಪನಿ ಕೊಂಡು ಬೇಚಿಮೊ ಅಂತ ಕರೆಯಿತು. ಆಮೇಲೆ ಹತ್ತು ವರ್ಷ ಕೆನಡಾದ ಉತ್ತರ ತೀರಕ್ಕೆ ಸರಕು ಹೊತ್ತು, ಅಲ್ಲಿನ ಮೂಲನಿವಾಸಿಗಳಾದ ಇನ್ಯೂಟ್ ಜನರಿಂದ ಪಡೆದ ತುಪ್ಪಳದ ಚರ್ಮ ತುಂಬಿಕೊಂಡು ಬರುವುದೇ ಕೆಲಸ. ವೇಗ ಹತ್ತು ನಾಟ್, ಅಂದರೆ ಗಂಟೆಗೆ ಸುಮಾರು 18 ಕಿಲೋಮೀಟರ್, ಊರಿನ ಸೈಕಲ್ಲಿನಷ್ಟು.

ಕೊನೆಗೆ ಜನರೇ ಇಲ್ಲದೆ ಸಮುದ್ರದಲ್ಲಿ ಅಲೆದದ್ದಕ್ಕೆ ಎಲ್ಲರೂ ಇದನ್ನು ಭೂತದ ಹಡಗು ಅಂತಾರೆ. ನನಗೆ ಆ ಹತ್ತು ವರ್ಷದ ದುಡಿಮೆಯೇ ದೊಡ್ಡದು. ಆದರೂ ಕೊನೆಗೆ ನಾನೂ 1931ನ್ನೇ ಹಿಡಿದೆ. ನಿಜ ಹೇಳಬೇಕೆಂದರೆ, ಮಂಜು ಮಾಡುವ ಚಪಲ.

ಆ ವರ್ಷ ಅಕ್ಟೋಬರ್ 1ರಂದು ಅಲಾಸ್ಕಾದ ಬ್ಯಾರೋ ಊರಿನ ಹತ್ತಿರ ಹಡಗು ಮಂಜುಗಡ್ಡೆಗೆ ಸಿಕ್ಕಿತು. ಒಮ್ಮೆ ಬಿಡಿಸಿಕೊಂಡಿತು, 8ರಂದು ಮತ್ತೆ ಗಟ್ಟಿಯಾಗಿ ಸಿಕ್ಕಿಬಿತ್ತು. 15ರಂದು ವಿಮಾನ ಕಳಿಸಿ 22 ಜನರನ್ನು ಕರೆದೊಯ್ದರು. ಉಳಿದ 15 ಜನ ಹತ್ತಿರದಲ್ಲೇ ಮರದ ಗುಡಿಸಲು ಕಟ್ಟಿ ಹಡಗು ಕಾದರು. ನವೆಂಬರ್ 24ರಂದು ಭಾರಿ ಹಿಮಗಾಳಿ. ಅದು ನಿಂತ ಮೇಲೆ ನೋಡಿದರೆ ಹಡಗೇ ಇಲ್ಲ! ಮುಳುಗಿತು ಅಂದುಕೊಂಡರು. ಕೆಲವು ದಿನದ ಮೇಲೆ ಸೀಲ್ ಬೇಟೆಗಾರನೊಬ್ಬ ಬಂದು ಸುಮಾರು 70 ಕಿಲೋಮೀಟರ್ ಆಚೆ ಕಂಡೆ ಅಂದ. ಹೋಗಿ ಬೆಲೆಬಾಳುವ ಚರ್ಮಗಳನ್ನಷ್ಟೇ ಇಳಿಸಿಕೊಂಡು, ಈ ಚಳಿಗಾಲ ದಾಟಲಾರದು ಅಂತ ಹಡಗನ್ನು ಬಿಟ್ಟುಬಂದರು. ದಾಟಲಾರದು ಅಂದದ್ದು 1969ರವರೆಗೂ ಆಗಾಗ ಯಾರದೋ ಕಣ್ಣಿಗೆ ಬೀಳುತ್ತಿತ್ತು. ಆಮೇಲೆ ಸುಳಿವಿಲ್ಲ.

ಈಗ ನನ್ನ ಮಂಜಿನ ಕಥೆ. ಥರ್ಮಾಕೋಲ್ ಹಲಗೆಯಲ್ಲಿ ಹಡಗಿನ ಆಕಾರದ ಗುಳಿ ತೋಡಿ, ಹಡಗು ಕೂರಿಸಿ, ಸುತ್ತ ಕರಗಿದ ಮೇಣ ಸುರಿದೆ. ಮೇಣ ತುಂಬಾ ಬಿಸಿಯಿತ್ತು, ಥರ್ಮಾಕೋಲ್ ಅಲ್ಲಲ್ಲಿ ಕುಗ್ಗಿತು. ಬೈದುಕೊಂಡೆ, ಆದರೆ ಆ ಏರುತಗ್ಗು ನಾನು ಕತ್ತರಿಸಿದ್ದಕ್ಕಿಂತ ಚೆನ್ನಾಗಿದೆ. ರಾತ್ರಿ ಹಾಗೇ ಬಿಟ್ಟು ಮಲಗಿದೆ. ಬೆಳಿಗ್ಗೆ ಹಲಗೆ ಎತ್ತಿದರೆ ಹಡಗು ಅಲುಗಾಡುತ್ತಿದೆ. ಮೇಣ ಆರುವಾಗ ಕುಗ್ಗಿ ಸುತ್ತಲೂ ಕೂದಲೆಳೆಯಷ್ಟು ಸಂದಿ ಬಿಟ್ಟಿದೆ. ಅಂಟಿನ ಬಾಟಲಿ ಕೈಗೆ ತೆಗೆದುಕೊಂಡವನು ನಗು ಬಂದು ವಾಪಸ್ ಇಟ್ಟೆ. ಈ ಹಡಗನ್ನು ಅಂಟಿಸುವುದು ತಪ್ಪಲ್ವಾ?

ಮುಂದಿನ ವಾರ ಗುಡಿಸಲು, ಮತ್ತೆ 15 ಜನ. ಒಬ್ಬೊಬ್ಬರೂ ಎಂಟೂವರೆ ಮಿಲಿಮೀಟರ್. ತಂತಿ ಸುತ್ತಿ ಒಬ್ಬನನ್ನು ಮಾಡಿ ನೋಡಿದೆ, ಥೇಟ್ ಬೆಂಕಿಕಡ್ಡಿಯ ತಲೆಯ ಹಾಗಿದ್ದಾನೆ.