ನಾಲ್ಕನೆಯ ಡಿಸ್ಕ್

ಗುರುವಾರ, 13 ಜೂನ್ 2024

ಹೊರಡುವ ಹೊತ್ತಿಗೆ ಸರಿಯಾಗಿ ಹುಡುಗ ಬಂದು ನಿಂತ. "ಮೇಡಂ, ವಾಲ್ಯೂಮ್ ಗ್ರೂಪ್‌ನಲ್ಲಿ 100 ಜಿಬಿ ಖಾಲಿ ಇದೆ. ಆದರೂ ಎಲ್‌ವಿಎಕ್ಸ್‌ಟೆಂಡ್ ಜಾಗವಿಲ್ಲ ಎನ್ನುತ್ತಿದೆ."

ಅದೇ ಡೇಟಾಬೇಸ್ ಸರ್ವರ್. ವಾಲ್ಯೂಮ್ ಗ್ರೂಪ್ ಎಂದರೆ ಹಲವು ಡಿಸ್ಕುಗಳ ಜಾಗ ಕೂಡಿಸಿದ ರಾಶಿ, ಅದರಿಂದ ತೆಗೆದುಕೊಟ್ಟ ಪಾಲು ವಾಲ್ಯೂಮ್, ಆ ಪಾಲನ್ನು ಹಿಗ್ಗಿಸುವ ಆಜ್ಞೆ ಎಲ್‌ವಿಎಕ್ಸ್‌ಟೆಂಡ್. ವಾಲ್ಯೂಮ್‌ಗಳ ಪಟ್ಟಿ ಕೊಡುವ ಎಲ್‌ವಿಎಸ್‌ಗೆ ಡಿವೈಸ್‌ಗಳನ್ನೂ ತೋರಿಸಲು ಹೇಳು ಎಂದೆ. ಒಂದೇ ವಾಲ್ಯೂಮಿನ ಎದುರು ಮೂರು ಡಿಸ್ಕುಗಳ ಹೆಸರು ಬಂತು. ಯಾವನೋ ಪುಣ್ಯಾತ್ಮ ಮೂರು ಸ್ಟ್ರೈಪ್ ಹಾಕಿ ಕಟ್ಟಿದ್ದಾನೆ. ಬರೆಯುವ ಡೇಟಾದಲ್ಲಿ 64 ಕೆಬಿ ಮೊದಲನೆಯದಕ್ಕೆ, ಮುಂದಿನ 64 ಎರಡನೆಯದಕ್ಕೆ, ಹೀಗೆ ಸರದಿ. ಹಿಗ್ಗಿಸುವಾಗಲೂ ಅದು ಮೂರು ಡಿಸ್ಕುಗಳಲ್ಲಿ ಸಮಸಮ ಜಾಗ ಕೇಳುತ್ತದೆ. ಹೊಸದಾಗಿ ಸಿಕ್ಕಿರುವುದು ಒಂದೇ ಒಂದು, ಆ 100 ಜಿಬಿಯ ನಾಲ್ಕನೆಯ ಡಿಸ್ಕ್.

"ಸ್ಟ್ರೈಪ್ ಒಂದೇ ಸಾಕು ಎಂದು ಕೊಟ್ಟರೆ ಒಪ್ಪುತ್ತದಂತಲ್ಲ?"

ಒಪ್ಪುತ್ತದೆ. ಹಳೆಯ 300 ಜಿಬಿ ಮೂರರ ಮೇಲೆ, ಬಾಲದ 100 ಒಂದರ ಮೇಲೆ. ಯಾವ ಟೇಬಲ್ ಯಾವಾಗ ನಿಧಾನವಾಯಿತೋ ಹುಡುಕುತ್ತಾ ಕೂರಬೇಕು. ಮೇಲಿರುವ ಫೈಲ್‌ಸಿಸ್ಟಮ್ ಎಕ್ಸ್‌ಎಫ್‌ಎಸ್ ಬೇರೆ. ಒಮ್ಮೆ ಬೆಳೆಸಿದರೆ ಕುಗ್ಗಿಸುವ ಮಾತು ಮರೆಯಬೇಕು.

"ವೇಗಕ್ಕಲ್ಲವೇ ಮಾಡಿದ್ದು ಮೇಡಂ? ಮೂವರು ಬಡಿಸಿದರೆ ಪಂಕ್ತಿ ಬೇಗ ಏಳುತ್ತದೆ."

"ಬಡಿಸುವವನೊಬ್ಬ ಎದ್ದು ಹೋದರೆ ಉಳಿದಿಬ್ಬರು ಸುಧಾರಿಸುತ್ತಾರಪ್ಪ. ಇಲ್ಲಿ ಒಂದು ಡಿಸ್ಕ್ ಹೋದರೆ ಇಡೀ ವಾಲ್ಯೂಮೇ ಹೋಯಿತು."

ಅವನ ಮುಖ ಸಣ್ಣದಾಯಿತು. ಅವನ ಮೇಲೆ ರೇಗಿ ಏನು ಬಂತು? ನನ್ನ ಸಿಟ್ಟು ಬೇರೆಯದಕ್ಕೆ. ಆ ಮೂರೂ ಒಂದೇ ಸ್ಟೋರೇಜ್ ಪೆಟ್ಟಿಗೆಯ ಒಂದೇ ಪೂಲ್‌ನಿಂದ ಕೊಯ್ದು ಕೊಟ್ಟವು. ಕೆಳಗೆ ಆ ಪೆಟ್ಟಿಗೆ ತಾನೇ ಹತ್ತಾರು ಡಿಸ್ಕುಗಳಿಗೆ ಹಂಚಿ ಬರೆಯುತ್ತದೆ. ಮೇಲೆ ನಾವು ಮತ್ತೆ ಹಂಚುವುದು ಯಾತಕ್ಕೆ? ಡಿಸ್ಕಿಗೊಂದರಂತೆ ಓದು-ಬರಹದ ಕ್ಯೂಗಳು ಮೂರಾಗುತ್ತವೆ ಎನ್ನಬಹುದು, ಅದು ಸುಳ್ಳೂ ಅಲ್ಲ. ಆದರೆ ಅಳೆದವರು ಯಾರು? ಡಿಸ್ಕಿನ ವೇಗ ಅಳೆಯುವ ಎಫ್‌ಐಒ ಓಡಿಸಿ ಬರೆದಿಟ್ಟ ಒಂದು ಸಾಲೂ ಕಡತದಲ್ಲಿಲ್ಲ. ಸರ್ವರ್ ಒಳಗೇ ಇರುವ ಸ್ಥಳೀಯ ಎಸ್‌ಎಸ್‌ಡಿಗಳಾಗಿದ್ದರೆ ನಾನೇ ಸ್ಟ್ರೈಪ್ ಹಾಕುತ್ತಿದ್ದೆ.

ಇನ್ನೆರಡು ಡಿಸ್ಕ್ ಕೇಳಿ ಟಿಕೆಟ್ ಹಾಕು ಎಂದು ಹೇಳಿ ಬಸ್ ಹಿಡಿದೆ.

ಅಕ್ಕ ಫೋನ್ ಮಾಡಿದ್ದಳು. ಅಪ್ಪನ ಕಣ್ಣಿನ ಆಪರೇಷನ್ ಮತ್ತೆ ಮುಂದಕ್ಕೆ ಹೋಗಿದೆ, ಸಕ್ಕರೆ ಇಳಿದಿಲ್ಲವಂತೆ. "ಹಲಸಿನ ಹಣ್ಣು ಯಾರು ಕೊಟ್ಟರು ಅವರಿಗೆ?" ಎಂದೆ. ಅವಳು ಮಾತಾಡಲಿಲ್ಲ. ಅವಳೇ ಕೊಟ್ಟಿರಬೇಕು.

ರಾತ್ರಿ ಪಾತ್ರೆ ತೊಳೆಯುವಾಗ ಇನ್ನೊಂದು ದಾರಿ ಕಂಡಿತು. ಹೊಸದನ್ನು ಹಿಂದಿರುಗಿಸಿ, ಹಳೆಯ ಮೂರನ್ನೇ ಸ್ಟೋರೇಜ್ ಕಡೆಯಿಂದ ಒಂದಿಷ್ಟು ಬೆಳೆಸಿಕೊಂಡು, ಬೆಳೆದ ಗಾತ್ರವನ್ನು ವಾಲ್ಯೂಮ್ ಗ್ರೂಪ್‌ಗೆ ತಿಳಿಸುವ ಪಿವಿರೀಸೈಜ್ ಮಾಡಿದರೆ ಸ್ಟ್ರೈಪ್ ಕೆಡುವುದಿಲ್ಲ, ಲೆಕ್ಕವೂ ಅಷ್ಟೇ. ಸ್ಟೋರೇಜ್‌ನವರು ಒಪ್ಪಬೇಕು. ಡಿಸ್ಕಿನ ಒಂದು ಹೊತ್ತಿನ ಸ್ಥಿತಿ ಹಿಡಿದಿಟ್ಟ ಸ್ನ್ಯಾಪ್‌ಶಾಟ್‌ಗಳು ಇದ್ದರೆ ಬೆಳೆಸಲು ಬಿಡುತ್ತಾರೋ ಇಲ್ಲವೋ, ಬೆಳಗ್ಗೆ ಮೊದಲು ಅದನ್ನೇ